ಟೈರಿನ ಮೇಲೆ ಸೀಮೆಸುಣ್ಣ

ಸದ್ದು ಹೋಗಿಲ್ಲ ಎಂದು ಬೆಳ್ಳಿಯಪ್ಪ ಹೇಳಿದಾಗ ದೇರಪ್ಪನಿಗೆ ಮೊದಲು ಅನ್ನಿಸಿದ್ದು, ಈ ಮನುಷ್ಯ ಸ್ವಲ್ಪ ಮೆಲ್ಲಗೆ ಮಾತಾಡಬಾರದೇ ಎಂದು. ವಿಚಿತ್ರ. ಎದುರಿಗಿದ್ದವರೆಲ್ಲ ಜೋರಾಗಿ ಮಾತಾಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತ ಹತ್ತಿರ ಹತ್ತಿರ ಎರಡು ವರ್ಷ ಕಳೆದವನಿಗೆ ಈ ಬೆಳಿಗ್ಗೆ ಇವನೊಬ್ಬನ ಗಂಟಲು ಬೇಡವಾಗಿತ್ತು. ರಸ್ತೆಯಾಚೆ ಚಾ ಅಂಗಡಿಯ ಬೆಂಚಿನ ಮೇಲೆ ಆಗಲೇ ಆರೇಳು ಜನ ಕೂತಿದ್ದರು. ಗ್ಲಾಸು ಅವರ ಕೈಯಲ್ಲಿ, ಕಣ್ಣೆಲ್ಲ ಈಚೆ. ಜನವರಿಯ ಮಂಜು ಹತ್ತು ಗಂಟೆಯಾದರೂ ಶೆಡ್ಡಿನ ತಗಡಿನಿಂದ ಹನಿಯುತ್ತಲೇ ಇತ್ತು. ಬೆಳ್ಳಿಯಪ್ಪ ಎಸ್ಟೇಟಿನ ಪಿಕಪ್ ಓಡಿಸುವವನು. ದಿನಾ ಬೆಳಿಗ್ಗೆ ಕೂಲಿಯವರ ಲೈನ್‌ಮನೆಗಳಿಂದ ಹದಿನೆಂಟು ಹೆಂಗಸರನ್ನು ಹಿಂದೆ ತುಂಬಿಸಿಕೊಂಡು ಕಾಫಿ ಕುಯ್ಲಿಗೆಂದು ಕೆಳಗಿನ ತೋಟಕ್ಕೆ ಇಳಿಸುತ್ತಾನೆ, ಸಂಜೆ ಮತ್ತೆ ಹತ್ತಿಸಿ ತರುತ್ತಾನೆ. ಕಳೆದ ಗುರುವಾರವಷ್ಟೇ ಈ ಗಾಡಿಯ ಎಡಗಡೆ ಲಿಂಕ್ ರಾಡ್ ಬದಲಾಯಿಸಿ ದೇರಪ್ಪ ಕಳಿಸಿದ್ದ. "ಅದೇ ಸದ್ದು ದೇರಪ್ಪಣ್ಣ. ಎಡಗಡೆ ಮುಂದೆ, ಲಟಕ್ ಅಂತ. ನಿಮ್ಮ ಕೈಯಿಂದ ಹೋದ ಗಾಡಿ ಅಂತ ನಾನೂ ನಾಲ್ಕು ದಿನ ಸುಮ್ಮನಿದ್ದೆ," ಎಂದ ಬೆಳ್ಳಿಯಪ್ಪ. ದೂರಿನ ದನಿ ಅಲ್ಲ ಅದು, ನಂಬಿಕೆಯ ದನಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ಹೊಸ ಲಿಂಕ್ ಅಲ್ವಾ, ಕೂತ್ಕೊಳ್ಳೋವರೆಗೂ..." ಎಂದು ದೇರಪ್ಪನ ಬಾಯಿ ತಾನಾಗಿಯೇ ಶುರುಮಾಡಿತು, ಅರ್ಧಕ್ಕೆ ನಿಂತಿತು. ಈ ಮಾತನ್ನು ಅವನು ಹಿಂದೆ ಒಬ್ಬರಿಗೆ ಪೂರ್ತಿ ಹೇಳಿದ್ದ.

ಮಾದಾಪುರದಲ್ಲಿ ಅವನ ಶೆಡ್ಡಿನ ಮುಂದೆ ರಸ್ತೆಗೆ ಒಂದು ಹಂಪ್ ಇದೆ. ಇಪ್ಪತ್ತೆಂಟು ವರ್ಷಗಳಿಂದ ಮುಂಗಾಲಿ ಸದ್ದು ಮಾಡುವ ಗಾಡಿಗಳೆಲ್ಲ ಮೊದಲು ಹತ್ತುವುದು ಆ ಹಂಪನ್ನು. ಗಾಡಿ ಹತ್ತಿ ಇಳಿಯುವಾಗ ದೇರಪ್ಪ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಾನೆ. ಒಂದು ಸಲ, ಹೆಚ್ಚೆಂದರೆ ಎರಡು ಸಲ. ಆಮೇಲೆ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ಆ ಟೈರಿನ ಮೇಲೆ ಹೋಗಿರುವ ಭಾಗದ ಮೊದಲ ಅಕ್ಷರ ಬರೆಯುತ್ತಾನೆ: ಲಿಂಕ್ ಆದರೆ 'ಲಿಂ', ಬುಷ್ ಆದರೆ 'ಬು', ಬಾಲ್ ಜಾಯಿಂಟ್ ಆದರೆ 'ಬಾ'. ಬರೆದ ಮೇಲೇ ಜಾಕ್. ಬಿಚ್ಚಿದರೆ ಬರೆದದ್ದೇ ಹೋಗಿರುತ್ತಿತ್ತು. ಬರೆದದ್ದನ್ನು ಅಳಿಸಿ ಇನ್ನೊಂದು ಬರೆದದ್ದು ಒಂದು ದಿನವೂ ಇಲ್ಲ. ಅದನ್ನು ನೋಡಲಿಕ್ಕೆಂದೇ ಚಾ ಅಂಗಡಿಯ ಬೆಂಚು ಅಷ್ಟು ಉದ್ದ ಇರುವುದು ಎಂದು ಊರವರು ತಮಾಷೆ ಮಾಡುತ್ತಿದ್ದರು. ಸೋಮವಾರಪೇಟೆಯಿಂದ, ಚೆಟ್ಟಳ್ಳಿಯಿಂದ, ದಾರಿಯಲ್ಲಿ ಹತ್ತು ವರ್ಕ್‌ಶಾಪ್ ದಾಟಿಕೊಂಡು ಜನ ಬರುತ್ತಿದ್ದರು. ಬೇರೆ ಮೆಕ್ಯಾನಿಕ್‌ಗಳು ಮೊದಲು ಗಾಡಿ ಎತ್ತಿ, ಒಂದೊಂದು ಕೀಲಿಗೂ ಲಿವರ್ ಹಾಕಿ ಮೀಟಿ ಮೀಟಿ ನೋಡುವುದನ್ನು ಕಂಡರೆ ದೇರಪ್ಪನಿಗೆ ನಗು. ಕುರುಡರು ಗೋಡೆ ಸವರಿದ ಹಾಗೆ ಎನ್ನುತ್ತಿದ್ದ. ಈಗ ಆ ಮಾತು ನೆನಪಾದರೆ ಮೈಯೆಲ್ಲ ಹಿಡಿಯಷ್ಟಾಗುತ್ತದೆ. ಹಾಗೆ ಸವರಿದ್ದರೆ ಸಾಕಿತ್ತಲ್ಲ. ಕಿವಿ ಇಲ್ಲದವನೂ ಮಾಡಬಹುದಾದ ಕೆಲಸ ಅದು. ಆದರೆ ಬೆಂಚಿನ ಮೇಲೆ ಜನ ಕಾಯುತ್ತಿರುವಾಗ, ಬೆಳ್ಳಿಯಪ್ಪ ಹಂಪಿನ ಮೇಲೆ ಗಾಡಿ ಹತ್ತಿಸಿ ನಿಲ್ಲಿಸಿ ಮುಖ ನೋಡುತ್ತಿರುವಾಗ, ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಸುಣ್ಣದ ತುಂಡು ಬೆರಳಿಗೆ ಸಿಗುತ್ತದೆ, ಏನೋ ಒಂದು ಬರೆಯಲೇಬೇಕಾಗುತ್ತದೆ. ಗುರುವಾರ 'ಲಿಂ' ಎಂದು ಬರೆದಿದ್ದ. ಈಚೆಗೆ ಅವನು ಬರೆಯುವುದೆಲ್ಲ ಹೆಚ್ಚುಕಡಮೆ 'ಲಿಂ' ಅನ್ನೇ. ಹತ್ತು ಗಾಡಿಯಲ್ಲಿ ಆರಕ್ಕೆ ಹೋಗುವುದು ಲಿಂಕ್. ಅದು ಹೋದರೆ ಸದ್ದು ಮಾತ್ರ, ಪ್ರಾಣಕ್ಕೇನೂ ಅಪಾಯವಿಲ್ಲ. ಊಹೆಗೆ ಅನುಕೂಲವಾದ ಅಕ್ಷರ.

ಕಿವಿ ಒಂದೇ ದಿನ ಹೋಗಿದ್ದರೆ ಯಾರಿಗಾದರೂ ಹೇಳಬಹುದಿತ್ತೋ ಏನೋ. ಅದು ಹೋದದ್ದು ಬೇರೆ ಥರ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಂದು ಸಂಜೆ ಅಂಗಳದಲ್ಲಿ ಕೂತು, ಈ ವರ್ಷ ಜೀರುಂಡೆಗಳೇ ಇಲ್ಲವಲ್ಲ, ತೋಟದವರು ಹೊಡೆಯುವ ಔಷಧಿಗೆ ಎಲ್ಲ ಸತ್ತವೇನೋ ಎಂದಿದ್ದ. ಹೆಂಡತಿ ಗಂಗಮ್ಮ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. ಸುತ್ತ ಮರಗಳೆಲ್ಲ ಕಿವಿ ಹರಿಯುವಂತೆ ಕೂಗುತ್ತಿದ್ದವು ಎಂದು ಅವಳ ಮುಖದಿಂದಲೇ ಅವನಿಗೆ ಗೊತ್ತಾಯಿತು. "ಎಂಥ ಆತ್ ನಿಮಿಗೆ?" ಎಂದಳು. ತಮಾಷೆಗೆ ಹೇಳಿದೆ ಎಂದು ನಕ್ಕುಬಿಟ್ಟ. ಅವಳು ನಗಲಿಲ್ಲ. ಮತ್ತೆ ಕೇಳಲೂ ಇಲ್ಲ. ಅಂದಿನಿಂದ ಅವನ ಎದುರಿಗೆ ಬಂದು ನಿಂತೇ ಮಾತಾಡತೊಡಗಿದಳು. ಲಾರಿಯ ಗುಡುಗು, ಬಸ್ಸಿನ ಹಾರ್ನು, ಮುಖ ನೋಡಿ ಆಡುವ ಮಾತು, ಇವೆಲ್ಲ ಈಗಲೂ ಕೇಳುತ್ತವೆ. ಹೋದದ್ದು ಚೂಪಾದ ಸದ್ದುಗಳು: ಕುಕ್ಕರಿನ ಸಿಳ್ಳೆ, ಸ್ಪ್ಯಾನರು ನೆಲಕ್ಕೆ ಬಿದ್ದ ಠಣ್, ಮುಂಗಾಲಿಯ ಕೀಲಿನ ಆ ಒಂದು ಟಕ್. ಅವನು ಬದುಕಿದ್ದೇ ಆ ಟಕ್‌ನ ಮೇಲೆ. ಗೊತ್ತಾಗದ ಮಾತಿಗೆಲ್ಲ ತಲೆಯಾಡಿಸುವುದನ್ನು ಕಲಿತ. ಹ್ಞೂಂ ಎಂದು ಒಂದು ಸಲ ತಲೆಯಾಡಿಸಿದರೆ ಲೋಕದಲ್ಲಿ ಮುಕ್ಕಾಲು ಪಾಲು ಮಾತು ಮುಗಿದುಹೋಗುತ್ತದೆ ಎಂಬುದು ಐವತ್ತಾರನೆಯ ವಯಸ್ಸಿನಲ್ಲಿ ಅವನಿಗೆ ತಿಳಿದ ಸತ್ಯ.

ಬೆಳ್ಳಿಯಪ್ಪ ಹಂಪನ್ನು ಹತ್ತಿಸಿ ಇಳಿಸಿದ. ದೇರಪ್ಪ ಕಣ್ಣು ಮುಚ್ಚಿ ನಿಂತಿದ್ದ. ಎಂಜಿನ್ನಿನ ಗುರುಗುರು ಬಂತು, ಟೈರು ಜಲ್ಲಿಯ ಮೇಲೆ ಉರುಳಿದ್ದು ಬಂತು, ಅದರಾಚೆ ಹತ್ತಿ ತುರುಕಿದ ಹಾಗೆ ಏನೂ ಇಲ್ಲ. "ಕೇಳಿದ್ರಾ? ಇಲ್ಲಿ ಸಣ್ಣದು, ತೋಟದ ಇಳಿಜಾರಲ್ಲಿ ಇನ್ನೂ ದೊಡ್ಡದು," ಎಂದು ಬೆಳ್ಳಿಯಪ್ಪ ತಲೆ ಹೊರಗೆ ಹಾಕಿದ. ದೇರಪ್ಪ ತಲೆಯಾಡಿಸಿದ. ಬೆಂಚಿನವರೂ ತಲೆಯಾಡಿಸಿದರು, ಅವರಿಗೆ ರಸ್ತೆಯಾಚೆಗೂ ಕೇಳಿಸಿತ್ತು. ಕೈ ಜೇಬಿಗೆ ಹೋಯಿತು. 'ಬು' ಎಂದು ಬರೆಯಲೇ? ಲಿಂಕ್ ಹೊಸದು, ಆದ್ದರಿಂದ ಬುಷ್ ಎಂದರೆ ಯಾರೂ ಅನುಮಾನಪಡುವುದಿಲ್ಲ. ಸುಣ್ಣ ಬೆರಳ ನಡುವೆ ಇತ್ತು. ಕೀರ್ತಿಕುಮಾರ ಮೇಷ್ಟ್ರು ಕೊಟ್ಟ ಸುಣ್ಣ. ಸೋಮವಾರಪೇಟೆಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು ಬರೆದು ಮಿಕ್ಕಿದ ತುಂಡುಗಳನ್ನು ಅಂಗಿಯ ಜೇಬಿನಲ್ಲಿ ತಂದು, ನಾಲ್ಕೂವರೆಯ ಬಸ್ಸಿಳಿದು ಮನೆಗೆ ಹೋಗುವಾಗ ಇವನ ಕೈಗೆ ಹಾಕುತ್ತಾರೆ. ಮೊದಲು ಕಾರಿನಲ್ಲಿ ಬರುತ್ತಿದ್ದಾಗ ಕಿಟಕಿಯಿಂದ ಕೈ ಚಾಚಿ ಕೊಡುತ್ತಿದ್ದರು, ನಾನು ಒಂದು ಹಲಗೆಯ ಮೇಲೆ ಬರೆಯುತ್ತೇನೆ ನೀನು ನಾಲ್ಕು ಟೈರಿನ ಮೇಲೆ ಎಂದು ನಗುತ್ತಿದ್ದರು. ಈಗ ಕಾರಿಲ್ಲ, ನಗುವಿಲ್ಲ, ಸುಣ್ಣ ಕೊಡುವುದನ್ನು ಮಾತ್ರ ನಿಲ್ಲಿಸಿಲ್ಲ. ಅವರ ಹೆಂಡತಿ ಮಾಲತಮ್ಮ ತೀರಿಕೊಂಡ ಹದಿಮೂರನೆಯ ದಿನ ಕಳೆದು ಶಾಲೆಗೆ ಹೋದ ಮೊದಲ ಸಂಜೆಯೂ ಎರಡು ತುಂಡು ತಂದಿದ್ದರು. ಹೋದ ವರ್ಷ ಇದೇ ಜನವರಿ.

ಆ ಕಾರಿನ ಎಡ ಮುಂಗಾಲಿಗೂ ದೇರಪ್ಪ 'ಲಿಂ' ಎಂದು ಬರೆದಿದ್ದ. ಅದನ್ನೂ ಒಂದು ಗುರುವಾರವೇ ಬರೆದು, ಲಿಂಕ್ ಹಾಕಿ ಕಳಿಸಿದ. ಶನಿವಾರ ಮೇಷ್ಟ್ರು ಫೋನ್ ಮಾಡಿ, ಸದ್ದು ಇನ್ನೂ ಸ್ವಲ್ಪ ಇದೆ ಅನ್ನಿಸುತ್ತದೆ, ತರಲೇ ಎಂದು ಕೇಳಿದರು. ಬೇಡ, ಹೊಸ ಲಿಂಕ್ ಕೂತುಕೊಳ್ಳುವವರೆಗೂ ಹಾಗೇ ಇರುತ್ತದೆ, ಓಡಿಸಿ ಮೇಷ್ಟ್ರೆ ಎಂದು ಇವನು ಹೇಳಿದ. ಸೋಮವಾರ ಬೆಳಿಗ್ಗೆ ಮಂಜಿನಲ್ಲಿ ಹಟ್ಟಿಹೊಳೆಯ ಹತ್ತಿರದ ತಿರುವಿನಲ್ಲಿ ಕಾರು ತಿರುಗದೆ ನೇರ ಕೆಳಗಿಳಿಯಿತು. ಮಾಲತಮ್ಮ ಎಡಗಡೆ ಕೂತಿದ್ದರು.

"ಏನಣ್ಣ, ಬರೀರಿ," ಎಂದ ಬೆಳ್ಳಿಯಪ್ಪ. ದೇರಪ್ಪ ಸುಣ್ಣವನ್ನು ವಾಪಸ್ ಜೇಬಿಗೆ ಹಾಕಿದ. ಬೆಂಚಿನ ಕಡೆ ಯಾರೋ ಏನೋ ಅಂದರು, ಉಳಿದವರು ನಕ್ಕರು. ಏನೆಂದರೆಂದು ತಿಳಿಯಲಿಲ್ಲ. ಮುಖ ಕೆಂಪಾಗಿ ಈಚೆ ತಿರುಗಿದರೆ ಪಿಕಪ್ಪಿನ ಆಚೆ ಬದಿಯಲ್ಲಿ, ಶೆಡ್ಡಿನ ಕಂಬಕ್ಕೊರಗಿ, ತಲೆಗೆ ಟವೆಲ್ ಸುತ್ತಿಕೊಂಡು ಮುದ್ದಿ ನಿಂತಿದ್ದಳು. ಲೈನ್‌ಮನೆಯ ಮುದ್ದಿ, ಕಾಫಿ ಕುಯ್ಯುವವಳು. ಜ್ವರಕ್ಕೆ ಮಾತ್ರೆ ತರಲು ಆಸ್ಪತ್ರೆಗೆಂದು ಬೆಳ್ಳಿಯಪ್ಪನ ಜೊತೆ ಬಂದಿದ್ದಳು. ಹಿಂದೆ ನಿಂತರೆ ವಾಂತಿ ಬರುತ್ತದೆಂದು ದಿನಾ ಮುಂದೆ ಎಡಗಡೆ ಕೂರುವವಳು ಅವಳೇ. ಗುರುವಾರವೂ ಇದೇ ಕಂಬದ ಹತ್ತಿರ ನಿಂತು, ಅದು ಮೇಲಿನ ಸದ್ದಲ್ಲ ಅಣ್ಣ, ಕಾಲಡಿಯದು ಎಂದೇನೋ ಹೇಳಲು ಬಂದಿದ್ದಳು. ನೀನು ಕಾಫಿ ಕುಯ್ಯಿ, ಗಾಡಿ ನಾನು ನೋಡ್ತೇನೆ ಎಂದು ದೇರಪ್ಪ ಎಲ್ಲರಿಗೂ ಕೇಳುವಂತೆ ಅಂದಿದ್ದ. ಆಗಲೂ ಬೆಂಚು ನಕ್ಕಿತ್ತು, ಅವನ ಪರವಾಗಿ. ಮುದ್ದಿ ಟವೆಲ್ಲಿನ ತುದಿ ಕಚ್ಚಿಕೊಂಡು ಆಚೆ ನೋಡಿದ್ದಳು. ಇವತ್ತು ಅವಳು ಏನೂ ಹೇಳುವಂತೆ ಕಾಣಲಿಲ್ಲ. ಕೇಳಬೇಕು. ಒಬ್ಬ ಮೆಕ್ಯಾನಿಕ್, ಎಷ್ಟೋ ಎಸ್ಟೇಟಿನ ಜೀಪುಗಳ ಪ್ರಾಣ ಕಾಪಾಡಿದೆ ಎಂದುಕೊಂಡವನು, ಜ್ವರದ ಕಣ್ಣಿನ ಈ ಹೆಂಗಸಿನ ಹತ್ತಿರ ಹೋಗಿ ಕೇಳಬೇಕು. ನಾಲ್ಕು ಹೆಜ್ಜೆ ಅಷ್ಟೇ. ಆ ನಾಲ್ಕು ಹೆಜ್ಜೆ ಹಾಕುವಾಗ ಬೆನ್ನ ಮೇಲೆ ಬಿದ್ದ ಕಣ್ಣುಗಳನ್ನು ಅವನು ಒಂದೊಂದಾಗಿ ಎಣಿಸಬಲ್ಲವನಾಗಿದ್ದ. "ಆ ದಿನ ಎಂಥ ಹೇಳ್ಲಿಕ್ಕೆ ಬಂದಿದ್ದೆ ನೀನು?" ಎಂದ, ಅವಳ ತುಟಿಯನ್ನೇ ನೋಡುತ್ತ.

ಮುದ್ದಿ ಅವನ ಕಣ್ಣು ತನ್ನ ತುಟಿಯ ಮೇಲಿರುವುದನ್ನು ಗಮನಿಸಿದಳು. ಆಮೇಲೆ ನಿಧಾನವಾಗಿ, ಬಾಯಿ ಅಗಲಿಸಿ ಹೇಳಿದಳು. "ಖಾಲಿ ಹೋದ್ರೆ ಇಷ್ಟೇ ಅಣ್ಣ. ಜನ ತುಂಬ್ಬೇಕು. ಇಳಿಜಾರಲ್ಲಿ ಬಲಕ್ಕೆ ತಿರುಗ್ಬೇಕು. ಆಗ ನನ್ನ ಕಾಲಡಿಗೇ ಬಂದು ಹೊಡೀತದೆ."

ಬೆಂಚಿನವರನ್ನೇ ಹಿಂದೆ ಹತ್ತಿಸಬೇಕಾಯಿತು. ಅವರಿಗೋ ಜಾತ್ರೆಯ ಖುಷಿ. ಪಂಚೆ ಎತ್ತಿಕಟ್ಟಿ ಏಳು ಜನ ಹತ್ತಿದರು, ಚಾ ಅಂಗಡಿಯವನೂ ಸೇರಿ. ಬೆಳ್ಳಿಯಪ್ಪ ಸ್ಟೇರಿಂಗಿಗೆ, ಮುದ್ದಿ ಗೇರಿನ ಪಕ್ಕ ಮುದುಡಿ, ದೇರಪ್ಪ ಎಡಗಡೆ ಅವಳ ಜಾಗದಲ್ಲಿ. ಹೊಳೆಯ ಕಡೆಗೆ ಇಳಿಯುವ ರಸ್ತೆ. ಮುದ್ದಿ ಅವನ ಕಾಲಿನ ಕಡೆ ಕಣ್ಣು ತೋರಿಸಿದಳು. ಅವನು ಚಪ್ಪಲಿ ಬಿಟ್ಟು ಬರಿಗಾಲನ್ನು ತಗಡಿನ ಮೇಲೆ ಒತ್ತಿದ. ತಗಡು ಬೆಚ್ಚಗಿತ್ತು, ನಡುಗುತ್ತಿತ್ತು. ಮೊದಲ ತಿರುವಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಬೆಳ್ಳಿಯಪ್ಪ ಬ್ರೇಕ್ ಒತ್ತಿ ಬಲಕ್ಕೆ ಎಳೆದಾಗ ಅಂಗಾಲಿಗೆ ಯಾರೋ ಕೆಳಗಿನಿಂದ ಬೆರಳ ಗೆಣ್ಣಿನಲ್ಲಿ ಗುದ್ದಿದ ಹಾಗಾಯಿತು. ಅದೇ ಕ್ಷಣಕ್ಕೆ ಮುದ್ದಿಯ ತೋರುಬೆರಳು ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಲ ತಟ್ಟಿತು. ಮತ್ತೆ ಗುದ್ದು, ಮತ್ತೆ ಬೆರಳು. ಅವಳು ರಸ್ತೆಯನ್ನೇ ನೋಡುತ್ತಿದ್ದಳು, ಸುಮ್ಮನೆ ಹಾಡಿಗೆ ತಾಳ ಹಾಕುವವಳಂತೆ. ಬೆಳ್ಳಿಯಪ್ಪನಿಗೆ ಅದು ಕಾಣಿಸಿರಲಿಕ್ಕಿಲ್ಲ. ಅವಳಿಗೆ ಗೊತ್ತಾಗಿದೆ ಎಂದು ದೇರಪ್ಪನಿಗೆ ತಿಳಿಯಿತು. ಗಂಗಮ್ಮನ ಹತ್ತಿರ, ಡಾಕ್ಟರ ಹತ್ತಿರ, ದೇವರ ಹತ್ತಿರವೂ ಬಾಯಿ ಬಿಡದ ಸಂಗತಿ ನಾಲ್ಕು ಮಾತಿನಲ್ಲಿ ಇವಳಿಗೆ ಗೊತ್ತಾಗಿದೆ, ಯಾರಿಗೂ ತೋರಿಸದೆ ಬೆರಳ ತುದಿಯಲ್ಲಿ ಅವನಿಗೆ ತನ್ನ ಕಿವಿಯನ್ನು ಕೊಡುತ್ತಿದ್ದಾಳೆ. ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಸಿಟ್ಟು, ಅವಳ ಬೆರಳನ್ನು ಹಿಡಿದು ನಿಲ್ಲಿಸಿಬಿಡಬೇಕೆನ್ನುವಷ್ಟು. ಆ ಸಿಟ್ಟಿಗೆ ಅವನಿಗೇ ಹೇಸಿಗೆಯಾಯಿತು.

ಶೆಡ್ಡಿಗೆ ಬಂದು ಚಕ್ರ ಹೊರುವ ಆರ್ಮಿನ ಅಡಿಗೆ ಜಾಕ್ ಕೊಟ್ಟ. ಚಕ್ರ ನೆಲ ಬಿಟ್ಟಿತು. ಸುಣ್ಣ ಮುಟ್ಟಲಿಲ್ಲ. ಬೆಂಚಿನವರು ಈಗ ಬೆಂಚಿನಲ್ಲಿಲ್ಲ, ಅವನ ತಲೆಯ ಮೇಲೇ ನಿಂತಿದ್ದರು. ಚಕ್ರದಡಿ ಉದ್ದ ಲಿವರ್ ತೂರಿಸಿ ಮೇಲಕ್ಕೆ ಮೀಟಿದ, ಜನ್ಮವಿಡೀ ತಾನು ಹಾಸ್ಯ ಮಾಡಿದ್ದ ಹಾಗೆಯೇ, ಕುರುಡನ ಹಾಗೆ. ಚಕ್ರ ಬೆರಳಿನಷ್ಟು ದಪ್ಪ ಮೇಲೆದ್ದು ಕೆಳಗೆ ಬಿತ್ತು. ಲಿಂಕ್ ಅಲ್ಲ, ಬುಷ್ ಅಲ್ಲ. ಬಾಲ್ ಜಾಯಿಂಟ್: ಇಡೀ ಚಕ್ರವನ್ನು ಗಾಡಿಗೆ ಸೇರಿಸಿ ಹಿಡಿಯುವ ಗುಂಡು ಕೀಲು. ಅದು ಕಳಚಿದರೆ ಸ್ಟೇರಿಂಗ್ ಒಂದು ಕಡೆ, ಚಕ್ರ ಒಂದು ಕಡೆ. ಬಿಚ್ಚಿದ. ರಬ್ಬರ್ ಟೋಪಿ ಹರಿದುಹೋಗಿತ್ತು. ಮಳೆಗಾಲದ ನೀರೆಲ್ಲ ಒಳಗಿಳಿದು ಗ್ರೀಸ್ ತೊಳೆದು ಹಾಕಿತ್ತು. ಸುತ್ತಿಗೆ ಬೇಕಾಗಲಿಲ್ಲ, ಗುಂಡು ಗೂಡಿನಿಂದ ಕೈಯಲ್ಲೇ ಕಳಚಿ ಬಂತು. ಗೂಡಿನ ಒಳಗೆ ಒಣ ಕೆಂಪು ತುಕ್ಕು. ಇನ್ನೆಷ್ಟು ದಿನ? ಒಂದು ದಿನ, ಎರಡು ದಿನ. ಐದು ದಿನದಿಂದ ಹದಿನೆಂಟು ಹೆಂಗಸರು ಬೆಳಿಗ್ಗೆ ಸಂಜೆ ಇದರ ಮೇಲೆ ಇಳಿದು ಹತ್ತಿದ್ದಾರೆ, ಅವನು ಬರೆದ ಒಂದಕ್ಷರವನ್ನು ನಂಬಿಕೊಂಡು.

ಆ ಕೆಂಪನ್ನು ಅವನು ಮೊದಲೂ ನೋಡಿದ್ದ. ಹಟ್ಟಿಹೊಳೆಯ ತಿರುವಿನಲ್ಲಿ ಕ್ರೇನು ಕಾರನ್ನು ಮೇಲೆತ್ತುತ್ತಿರುವಾಗ ಕಂಬಿಗೆ ಹಗ್ಗ ಕಟ್ಟಲು ಇಳಿದವನು ದೇರಪ್ಪನೇ. ಎಡ ಮುಂಗಾಲಿ ಅಡಿಗೆ ಮಡಚಿಕೊಂಡಿತ್ತು. ಗೂಡು ಖಾಲಿ. ಬಿದ್ದ ಏಟಿಗೆ ಮುರಿದ ಕಬ್ಬಿಣ ಒಳಗೆ ಬೆಳ್ಳಗೆ ಹೊಳೆಯುತ್ತದೆ, ಯಾವ ಮೆಕ್ಯಾನಿಕ್‌ಗೂ ಗೊತ್ತು. ಅದು ಹೊಳೆಯುತ್ತಿರಲಿಲ್ಲ. ಹೀಗೇ ಕೆಂಪಗಿತ್ತು, ಒಣಗಿತ್ತು. ಅಪಘಾತ ನೋಡಲು ಬಂದಿದ್ದ ಸಾರಿಗೆ ಇಲಾಖೆಯ ಅಧಿಕಾರಿ, ಈ ಕಡೆ ನೀವೇ ಅಲ್ಲವೆ ಗೊತ್ತಿರುವವರು, ಏನನ್ನಿಸುತ್ತದೆ ಎಂದು ಗೌರವದಿಂದ ಅವನನ್ನೇ ಕೇಳಿದರು. ಬಿದ್ದ ಏಟಿಗೆ ಕಿತ್ತು ಬಂದಿದೆ ಸರ್ ಎಂದ. ಅವರು ಅದನ್ನೇ ಬರೆದುಕೊಂಡರು. ಮಳೆಯಿರಲಿಲ್ಲವಾದ್ದರಿಂದ ಟೈರಿನ ಪಕ್ಕೆಯ ಮೇಲೆ ಅವನ 'ಲಿಂ' ಇನ್ನೂ ಮಸುಕಾಗಿ ಉಳಿದಿತ್ತು. ಹಗ್ಗ ಬಿಗಿಯುವ ನೆವದಲ್ಲಿ ಅವನು ಅಂಗೈಯಿಂದ ಅದನ್ನು ಉಜ್ಜಿ ಅಳಿಸಿದ. ಇಪ್ಪತ್ತೆಂಟು ವರ್ಷದಲ್ಲಿ ಅವನು ಅಳಿಸಿದ ಒಂದೇ ಒಂದು ಅಕ್ಷರ ಅದು. ಅಂಗೈಗೆ ಹತ್ತಿದ ಬಿಳಿ ಮನೆಗೆ ಹೋಗಿ ಸೋಪು ಹಾಕಿ ತೊಳೆದರೂ ಇದೆ ಅನ್ನಿಸುತ್ತಿತ್ತು. ಸಾವಿನ ಮನೆಯಲ್ಲಿ ಮೇಷ್ಟ್ರು ಮೂಲೆಯ ಬೆಂಚಿನ ಮೇಲೆ ತಮ್ಮ ಎರಡು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. "ಸ್ಟೇರಿಂಗ್ ತಿರುಗಿಸಿದ್ದೆ ಅಂತ್ಲೇ ನೆನಪು ದೇರಪ್ಪಣ್ಣ. ಆದ್ರೆ ತಿರುಗ್ಸಿಲ್ಲ. ತಿರುಗ್ಸಿದ್ರೆ ಕಾರು ತಿರುಗ್ತಿತ್ತಲ್ಲ. ಹೆದರಿಕೇಲಿ ಕೈ ಓಡ್ಲಿಲ್ಲ ನಂದು," ಎಂದರು. ಆ ಮಾತು ಮಾತ್ರ ಅವನಿಗೆ ಒಂದಕ್ಷರ ಬಿಡದೆ ಕೇಳಿಸಿತ್ತು. ತಲೆಯಾಡಿಸಿದ್ದ. ಹೌದು, ನಿಮ್ಮ ಕೈ ಓಡಲಿಲ್ಲ ಎಂದು ಆ ತಲೆಯಾಡಿಸಿದ್ದಕ್ಕೆ ಅರ್ಥ. ಅಂದಿನಿಂದ ಮೇಷ್ಟ್ರು ಸೈಕಲ್ಲನ್ನೂ ಮುಟ್ಟಿಲ್ಲ.

ಬೆಳ್ಳಿಯಪ್ಪ ಗುಂಡನ್ನು ಕೈಗೆ ತಗೊಂಡು ಗೂಡಿನಲ್ಲಿ ಅಲ್ಲಾಡಿಸಿ ನೋಡಿದ, ಬೆವೆತ. ಅಷ್ಟು ಹೊತ್ತಿಗೆ ಬೆಂಚಿನವರು ಹೊಗಳಲು ಶುರುಮಾಡಿ ಆಗಿತ್ತು. ಗುರುವಾರ ಲಿಂಕ್ ಹೋಗಿತ್ತು, ಇವತ್ತು ಇದು ಎಂದರು. ಕಂಡುಹಿಡಿದನಲ್ಲ, ಇವನಲ್ಲದೆ ಬೇರೆ ಯಾರಿದ್ದರೂ ಹದಿನೆಂಟು ಹೆಣ ಬೀಳುತ್ತಿತ್ತು ಎಂದು ಚಾ ಅಂಗಡಿಯವನು ತಾನೇ ಜಾಕ್ ಎತ್ತಿದವನಂತೆ ಹೇಳಿದ. ಚಾ ಬಂತು. ದೇರಪ್ಪ ಕುಡಿದ. ಗುರುವಾರ ಬಿಚ್ಚಿ ತೆಗೆದ ಹಳೆಯ ಲಿಂಕ್ ಶೆಡ್ಡಿನ ಮೂಲೆಯಲ್ಲಿ ಇನ್ನೂ ಬಿದ್ದಿತ್ತು, ಏನೂ ಆಗದೆ, ಗಟ್ಟಿಯಾಗಿ. ಅದನ್ನು ಕಾಲಿನಿಂದ ಗೋಣಿಯ ಅಡಿಗೆ ತಳ್ಳಿದ. ಹೊಸ ಜಾಯಿಂಟ್ ಮಡಿಕೇರಿಯಿಂದ ಮೂರು ಗಂಟೆಯ ಬಸ್ಸಿನಲ್ಲಿ ಬರುವುದೆಂದು ಗೊತ್ತಾಯಿತು. ಅಲ್ಲಿಯವರೆಗೂ ಗಾಡಿ ಜಾಕಿನ ಮೇಲೆ. ಕುಯ್ಲಿನ ಹೆಂಗಸರನ್ನು ಹತ್ತಿಸಲು ಎಸ್ಟೇಟಿನವರು ಟ್ರಾಕ್ಟರ್ ಕಳಿಸುತ್ತಾರಂತೆ. ಮುದ್ದಿ ಮಾತ್ರೆ ತಂದು ಶೆಡ್ಡಿನ ಕಲ್ಲಿನ ಮೇಲೆ ಕೂತಳು. ಮಧ್ಯಾಹ್ನವೆಲ್ಲ ಅಲ್ಲೇ ಇದ್ದಳು. ಯಾರ ಹತ್ತಿರವೂ ಏನೂ ಹೇಳಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಅವಳು ಹೇಳಿಬಿಟ್ಟಿದ್ದರೆ ಒಳ್ಳೆಯದಿತ್ತು ಎಂದು ಒಮ್ಮೆ ಅನ್ನಿಸಿತು. ಅವಳ ಬಾಯಿಂದ ಊರಿಗೆ, ಊರಿನಿಂದ ಮೇಷ್ಟ್ರಿಗೆ. ತಾನು ಹೇಳುವ ಕಷ್ಟ ತಪ್ಪುತ್ತಿತ್ತು. ಇಷ್ಟು ಯೋಚಿಸಿದ ಮೇಲೇ, ತಾನು ಹೇಳಬೇಕೆಂದು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದೇನೆ ಎಂದು ಅವನಿಗೆ ಗೊತ್ತಾದದ್ದು. ಊಟಕ್ಕೆ ಮನೆಗೆ ಹೋಗಲಿಲ್ಲ.

ನಾಲ್ಕೂವರೆಯ ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ಮೇಷ್ಟ್ರು ಕೊನೆಯಲ್ಲಿ ಇಳಿದರು, ಹಿಂದಿನಿಂದ ಯಾರೋ ಅವಸರ ಮಾಡುವವರೆಗೂ ಕಂಬಿ ಬಿಡದೆ. ಹೊಸ ಜಾಯಿಂಟ್ ಕೂತಾಗಿತ್ತು. ಬೆಳ್ಳಿಯಪ್ಪ ಚಕ್ರದ ನಟ್ಟು ಬಿಗಿಯುತ್ತಿದ್ದ, ಮುದ್ದಿ ತನ್ನ ಜಾಗಕ್ಕೆ ಹತ್ತಲು ಬಾಗಿಲ ಹತ್ತಿರ ಬಂದು ನಿಂತಿದ್ದಳು. ಬಸ್ಸು ಎಂಜಿನ್ ನಿಲ್ಲಿಸದೆ ಅಲ್ಲೇ ಗಡಗಡ ಎನ್ನುತ್ತಿತ್ತು. ಮೇಷ್ಟ್ರು ರಸ್ತೆ ದಾಟಿ ಬಂದರು. ಅಷ್ಟರೊಳಗೆ ಬೆಂಚಿನವರು ಅವರಿಗೆ ಇವತ್ತಿನ ಸುದ್ದಿ ಕೂಗಿ ಹೇಳಿದ್ದರೆಂದು ಕಾಣುತ್ತದೆ. ಬಹಳ ದಿನಗಳ ಮೇಲೆ ಮುಖದಲ್ಲಿ ನಗುವಿನಂಥದ್ದೇನೋ ಇಟ್ಟುಕೊಂಡು, ಅಂಗಿಯ ಜೇಬಿನಿಂದ ಎರಡು ತುಂಡು ಸುಣ್ಣ ತೆಗೆದು ಚಾಚಿದರು. ಒಂದು ಬಿಳಿ, ಒಂದು ಹಳದಿ. ದೇರಪ್ಪನ ಕೈಯಲ್ಲಿ ಹಳೆಯ ಗುಂಡು ಇತ್ತು. ಅವನು ಸುಣ್ಣ ತೆಗೆದುಕೊಳ್ಳಲಿಲ್ಲ. ಗುಂಡನ್ನು ಮೇಷ್ಟ್ರ ಅಂಗೈಯಲ್ಲಿ, ಸುಣ್ಣದ ಪಕ್ಕದಲ್ಲಿ ಇಟ್ಟ.

"ಮೇಷ್ಟ್ರೆ, ನೀವು ಸ್ಟೇರಿಂಗ್ ತಿರುಗ್ಸಿದ್ರಿ," ಎಂದ. ತನ್ನ ದನಿ ಎಷ್ಟು ಜೋರಾಗಿದೆಯೆಂದು ಅವನಿಗೆ ಗೊತ್ತಾಗಲಿಲ್ಲ. ಬೆಳ್ಳಿಯಪ್ಪ ಸ್ಪ್ಯಾನರು ನಿಲ್ಲಿಸಿ ತಲೆಯೆತ್ತಿದ್ದು ಕಾಣಿಸಿತು. "ನಿಮ್ಮ ಕೈ ಓಡಿತ್ತು. ಚಕ್ರ ಓಡ್ಲಿಲ್ಲ. ಇದು ಕಳಚಿತ್ತು. ನಾನು ಲಿಂಕ್ ಅಂತ ಬರ್ದೆ. ನಂಗೆ ಕಿವಿ ಕೇಳಿಸಲ್ಲ ಮೇಷ್ಟ್ರೆ. ಆವಾಗ್ಲೂ ಕೇಳಿಸ್ತಿರ್ಲಿಲ್ಲ. ನೀವು ಫೋನ್ ಮಾಡಿದಾಗ ತನ್ನಿ ಅನ್ಬೇಕಿತ್ತು."

ಮೇಷ್ಟ್ರು ಅಂಗೈಯನ್ನು ನೋಡಿದರು. ಗುಂಡನ್ನಲ್ಲ, ಕೈಯನ್ನು. ಅದರ ಪಕ್ಕಕ್ಕೆ ಇನ್ನೊಂದು ಕೈಯನ್ನೂ ತಂದು, ಎರಡನ್ನೂ ಬಿಡಿಸಿ, ಬಹಳ ಹೊತ್ತು ನೋಡಿದರು. ನಗು ಹೋಗಿತ್ತು, ಅದರ ಜಾಗಕ್ಕೆ ಬೇರೇನೂ ಬಂದಿರಲಿಲ್ಲ. ಆಮೇಲೆ, ತಲೆ ತಗ್ಗಿಸಿಕೊಂಡೇ, ಏನೋ ಹೇಳಿದರು. ತುಟಿ ಆಡಿದ್ದು ಸ್ವಲ್ಪ ಕಾಣಿಸಿತು. ಬಸ್ಸು ಗಡಗಡ ಎನ್ನುತ್ತಲೇ ಇತ್ತು. ಉದ್ದದ ಮಾತಲ್ಲ, ನಾಲ್ಕೈದು ಶಬ್ದ ಇರಬಹುದು, ಕೊನೆಗೆ ಪ್ರಶ್ನೆಯಂತೆ ತಲೆಯೆತ್ತಿ ಅವನ ಮುಖ ನೋಡಿದರು.

ದೇರಪ್ಪ ತಲೆಯಾಡಿಸಿದ. ಬೇಕೆಂದು ಆಡಿಸಿದ್ದಲ್ಲ. ಎರಡು ವರ್ಷದ ಅಭ್ಯಾಸ ತಲೆಯನ್ನು ಹಿಡಿದು ಆಡಿಸಿಬಿಟ್ಟಿತು. ಮೇಷ್ಟ್ರು ಅದನ್ನು ನೋಡಿದರು, ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಗುಂಡನ್ನೂ ಸುಣ್ಣವನ್ನೂ ಪಿಕಪ್ಪಿನ ಬಾನೆಟ್ಟಿನ ಮೇಲಿಟ್ಟರು, ಕರವಸ್ತ್ರದಿಂದ ಕೈ ಒರೆಸಿಕೊಂಡರು, ತಿರುಗಿ ನಡೆದರು. "ಕೇಳಿಸ್ಲಿಲ್ಲ ಮೇಷ್ಟ್ರೆ," ಎಂದು ದೇರಪ್ಪ ಕೂಗಿದ. "ನಂಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ." ಮಾದಾಪುರದ ಪೇಟೆ ಬೀದಿಯಲ್ಲಿ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನಿಗೀಗ ಅದು ಮುಖ್ಯವಾಗಿರಲಿಲ್ಲ. ಮೇಷ್ಟ್ರು ತಿರುಗಲಿಲ್ಲ. ಬಸ್ಸಿನ ಹಿಂದೆ ಹೋಗಿ, ಬಸ್ಸು ಹೊರಟ ಮೇಲೆ ಮನೆಯ ದಾರಿಯ ಏರಿನಲ್ಲಿ ಕಾಣಿಸಿಕೊಂಡರು; ಕೈಗಳೆರಡೂ ಮೈಯಿಂದ ಸ್ವಲ್ಪ ದೂರ, ಬೇರೆ ಯಾರದೋ ಸಾಮಾನು ಹೊತ್ತುಕೊಂಡು ಹೋಗುವವರ ಹಾಗೆ ಇದ್ದವು.

ಬೆಳ್ಳಿಯಪ್ಪ ನೆಲ ನೋಡುತ್ತಿದ್ದ. ಬೆಂಚಿನವರು ಗ್ಲಾಸಿನೊಳಗೆ ನೋಡುತ್ತಿದ್ದರು. ಮುದ್ದಿ ಮಾತ್ರ ಎರಡು ಮಾರು ದೂರದಲ್ಲಿ, ಬಾಗಿಲು ಹಿಡಿದುಕೊಂಡು, ಜ್ವರದ ಕಣ್ಣಿನಿಂದ ನೇರವಾಗಿ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಕೇಳಿಸಿತ್ತು. ಕಾಲಡಿಯ ಕಬ್ಬಿಣದ ಮಾತು ಕೇಳುವವಳಿಗೆ ಅದು ಕೇಳಿಸದೆ ಇರಲಿಲ್ಲ. ದೇರಪ್ಪ ಅವಳ ಹತ್ತಿರ ಹೋದ. ಈ ಸಲ ನಾಲ್ಕು ಹೆಜ್ಜೆ ಎಣಿಸಲಿಲ್ಲ.

"ಎಂಥ ಹೇಳಿದ್ರು ಮುದ್ದಿ ಅವರು?" ಎಂದು ಕೇಳಿದ, ಅವಳ ತುಟಿಯನ್ನು ನೋಡುತ್ತ. "ನಾನು ಎಂಥದಕ್ಕೆ ಹ್ಞೂಂ ಅಂದೆ?"

ಮುದ್ದಿ ತಲೆಯ ಟವೆಲ್ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಂಡಳು. ಅವನಿಗೆ ಚೆನ್ನಾಗಿ ಕಾಣುವ ಹಾಗೆ, ನಿಧಾನವಾಗಿ, ಬಾಯಿ ಅಗಲಿಸಿ ಹೇಳಿದಳು.

"ನಂಗೂ ಕೇಳಿಸ್ಲಿಲ್ಲ ಅಣ್ಣ."

ಆಮೇಲೆ ಪಿಕಪ್ಪಿಗೆ ಹತ್ತಿ, ಎಡಗಡೆ ತನ್ನ ಜಾಗದಲ್ಲಿ ಕೂತು, ಬಾಗಿಲು ಹಾಕಿಕೊಂಡಳು.